ಸೋದರಳಿಯ ಒಯ್ದ ಚಾರ್ಜರ್

"ಎಂಟು," ಎಂದಳು ಸೆರುವಾಯಾ. ಸ್ವಲ್ಪ ಹೊತ್ತಿಗೆ ಮುಂಚೆ ಒಂಬತ್ತಿತ್ತು.

ಚಾರ್ಜರ್ ಹಾಕಿಯೇ ಇತ್ತು. ಲ್ಯಾಪ್‌ಟಾಪಿನ ಮೂಲೆಯಲ್ಲಿ ಮಿಂಚಿನ ಗುರುತೂ ಕಾಣುತ್ತಿತ್ತು. ಆದರೂ ಬ್ಯಾಟರಿಯ ಅಂಕಿ ಏರುವ ಬದಲು ಇಳಿಯುತ್ತಿತ್ತು.

ಅದು ಅಪ್ಪನ ಫೋನಿನ ಚಾರ್ಜರ್. ಲ್ಯಾಪ್‌ಟಾಪಿನದನ್ನು ಬೆಳಿಗ್ಗೆ ಮೆಸಾಕೆ ಒಯ್ದಿದ್ದ.

ಮೆಸಾಕೆ ಅವಳ ಸೋದರತ್ತೆಯ ಮಗ. ನಾಳೆಗೆ ಅಜ್ಜಿ ತೀರಿಕೊಂಡು ನೂರನೆಯ ರಾತ್ರಿ. ಅಂದು ಸೂತಕ ಕಳೆದು ಊರಿಗೆಲ್ಲ ಊಟ. ಅದಕ್ಕೆಂದೇ ಅವನು ಅತ್ತೆಯ ಜೊತೆ ದೋಣಿಯಲ್ಲಿ ಬಂದಿದ್ದ. ಬಂದವನು ಮನೆಯ ನಡುವೆ ನಿಂತು ಸುತ್ತ ನೋಡಿದ. ಕಪಾಟಿನ ಮೇಲಿದ್ದ ಚಾರ್ಜರ್ ಎತ್ತಿ ಜೇಬಿಗಿಳಿಸಿದ. ಕೇಬಲ್ ಬಿಟ್ಟ, ಅವನ ಫೋನಿಗೆ ಅವನದೇ ಕೇಬಲ್ ಇತ್ತು.

ಯಾರನ್ನೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಫಿಜಿಯ ಆ ಕರಾವಳಿಯಲ್ಲಿ ಸೋದರಳಿಯ ಮಾವನ ಮನೆಯಿಂದ ಏನನ್ನಾದರೂ ಒಯ್ಯಬಹುದು. ಚಾಪೆ, ಕತ್ತಿ, ಮನಸ್ಸು ಬಂದರೆ ದೋಣಿ. ಬೇಡ ಎಂದರೆ ಮಾವನಿಗೇ ಅವಮಾನ.

ಆದರೆ ನಾಳೆ ಸಭಾಭವನದ ಗೋಡೆಯ ಮೇಲೆ ಅಜ್ಜಿಯ ಫೋಟೋಗಳನ್ನು ತೋರಿಸುವ ಕೆಲಸ ಸೆರುವಾಯಾಳದು. ಫೋಟೋಗಳೆಲ್ಲ ಇದ್ದದ್ದು ಈ ಲ್ಯಾಪ್‌ಟಾಪಿನಲ್ಲಿ. ಶಾಲೆಯ ಪ್ರೊಜೆಕ್ಟರ್ ಆಗಲೇ ಬಂದಿತ್ತು. ಅಜ್ಜಿಯ ತಂಗಿಯೂ ದೂರದ ದ್ವೀಪದಿಂದ ಬಂದಿದ್ದರು. ಅಜ್ಜಿ ತೀರಿಕೊಂಡಾಗ ಸಮುದ್ರ ಕೆರಳಿ ದೋಣಿ ಹೊರಡದೆ, ಅವರಿಗೆ ಅಕ್ಕನ ಮಣ್ಣಿಗೆ ಬರಲಾಗಿರಲಿಲ್ಲ. ಮುಖವನ್ನಾದರೂ ನೋಡುತ್ತೇನೆ ಎಂದು ಬಂದಿದ್ದರು.

"ಅಮ್ಮಾ, ಅವನ ಹತ್ರ ವಾಪಸ್ ಕೇಳು."

"ಅಳಿಯ ಒಯ್ದಿದ್ದನ್ನ ಕೇಳೋದುಂಟೇನೆ? ನಿಮ್ಮಪ್ಪ ಊರಲ್ಲಿ ತಲೆ ಎತ್ತಿ ಓಡಾಡೋದು ಬೇಡ್ವಾ?" ಅಮ್ಮ ಮರಗೆಣಸಿನ ಸಿಪ್ಪೆ ಸುಲಿಯುತ್ತಲೇ ಇದ್ದಳು. "ಇದೂ ಚಾರ್ಜರೇ ತಾನೆ? ತೂತಿಗೆ ಸರಿಯಾಗಿ ಹೊಂದತ್ತಲ್ಲ?"

ಹೊಂದುತ್ತಿತ್ತು. ತೊಡಕೇ ಅದು.

ಸೆರುವಾಯಾ ಲ್ಯಾಪ್‌ಟಾಪನ್ನು ಮಗುಚಿ ನೋಡಿದಳು. ಹೊಟ್ಟೆಯ ಕೆಳಗೆ ಪುಟ್ಟ ಅಕ್ಷರದಲ್ಲಿ 65 ವ್ಯಾಟ್ ಎಂದಿತ್ತು. ಅಪ್ಪನ ಚಾರ್ಜರಿನ ಮೇಲೆ 18. ಅವಳು ಎದ್ದು ಸಭಾಭವನಕ್ಕೆ ಹೋದಳು. ಅಲ್ಲಿನ ಸೋಲಾರ್ ಬೋರ್ಡಿನಲ್ಲಿ ಅರ್ಧ ಊರಿನ ಚಾರ್ಜರುಗಳು ಸಿಕ್ಕಿಸಿದ್ದವು. ಒಂದೊಂದನ್ನೇ ತಿರುಗಿಸಿ ಓದಿದಳು. ಹತ್ತು, ಇಪ್ಪತ್ತು, ಇಪ್ಪತ್ತೈದು. ಸಾಲುವಂಥದ್ದು ಒಂದೇ ಇತ್ತು. ಅದರ ಪಕ್ಕದಲ್ಲಿ ಮೆಸಾಕೆ ಚಾಪೆಯ ಮೇಲೆ ಮಲಗಿ ಫೋನ್ ನೋಡುತ್ತಿದ್ದ.

"ಅಂಗೈಯಗಲ ಫೋನಿಗೆ ಇಷ್ಟು ದೊಡ್ಡ ಚಾರ್ಜರಾ?" ಎಂದಳು ಸೆರುವಾಯಾ. "ಒಂದು ಸೀಗಡಿ ಬೇಯಿಸೋಕೆ ಹಂಡೆ ಒಲೆ ಮೇಲಿಟ್ಟ ಹಾಗಿದೆ."

"ನಿಮ್ಮೂರೋರಿಗೆ ಸೀಗಡಿ ಆದ್ರೂ ಎಲ್ಲಿ ಸಿಗತ್ತೆ?" ಮೆಸಾಕೆ ಕಣ್ಣೆತ್ತಲಿಲ್ಲ.

"ಸಿಗ್ತಿತ್ತು. ನಿನ್ನ ಮುಖ ನೋಡಿ ಎಲ್ಲಾ ಓಡಿಹೋದ್ವು."

ಅತ್ತೆ ಮಾವಂದಿರ ಮಕ್ಕಳು ಹೀಗೆ ಎಷ್ಟು ಬೇಕಾದರೂ ಕೆಣಕಾಡಬಹುದು. ಕೊಡು ಎಂದು ಮಾತ್ರ ಕೇಳುವ ಹಾಗಿಲ್ಲ. ಅವನೂ ಕೊಡಲಿಲ್ಲ. ಚಾರ್ಜರಿನ ಮೇಲೆ ಒಂದು ಕೈ ಇಟ್ಟುಕೊಂಡು ಮಗ್ಗುಲಾದ.

ಉಳಿದದ್ದು ಆರೋಗ್ಯ ಕೇಂದ್ರ. ನರ್ಸ್ ಲೂಸಿಯಾನಾ ತಮ್ಮ ಲ್ಯಾಪ್‌ಟಾಪಿನ ಚಾರ್ಜರನ್ನು ಕೊಡಲು ಒಪ್ಪಿದರು. ಸೆರುವಾಯಾ ಅದನ್ನು ತಿರುಗಿಸಿ ಓದಿ ಹಿಂಜರಿದಳು.

"ಇದು ನೂರು, ಅಕ್ಕ. ನಂದು ಅರವತ್ತೈದು. ಸುಟ್ಟುಹೋಗಲ್ವಾ?"

"ಔತಣದಲ್ಲಿ ಇಡೀ ಹಂದಿ ಬೆಂದಿರತ್ತೆ. ನೀನು ಇಡೀ ಹಂದಿ ತಿಂತೀಯಾ?"

"ಇಲ್ಲ."

"ಲ್ಯಾಪ್‌ಟಾಪೂ ಅಷ್ಟೆ. ತನಗೆ ಬೇಕಾದಷ್ಟೇ ಎಳ್ಕೊಳ್ಳತ್ತೆ. ಬಡಿಸೋದು ಕಡಿಮೆಯಾದ್ರೇನೇ ಕಷ್ಟ."

ಮೇಜಿನ ಖಾನೆಯಲ್ಲಿ ತೆಳ್ಳನೆಯ ಕೇಬಲ್ ಒಂದಿತ್ತು. ಸೆರುವಾಯಾ ಅದಕ್ಕೆ ಕೈ ಹಾಕಿದಾಗ ನರ್ಸ್ ತಡೆದರು. ಅದು ಟಾರ್ಚಿನ ಜೊತೆ ಬಂದದ್ದು, ಅದನ್ನು ನಂಬುವ ಹಾಗಿಲ್ಲ, ಲ್ಯಾಪ್‌ಟಾಪಿನ ದಪ್ಪ ಕೇಬಲನ್ನೇ ತಾ ಎಂದರು. ಅವಳು ಓಡಿಹೋಗಿ ಕೇಬಲ್, ಲ್ಯಾಪ್‌ಟಾಪ್ ಎರಡನ್ನೂ ತಂದಳು.

ಎಂಟು ಇದ್ದದ್ದು ಒಂಬತ್ತಾಯಿತು. ಹತ್ತಾಯಿತು. ಸೆರುವಾಯಾ ಹದಿನೈದರವರೆಗೆ ಕಾದು, ಆಮೇಲೆ ಅಮ್ಮನ ಕೆಲಸಕ್ಕೆ ಹೋದಳು.

ಮರುದಿನ ಸಂಜೆ ಪಾದ್ರಿಯವರ ಪ್ರಾರ್ಥನೆ ಮುಗಿದ ಮೇಲೆ ಅಜ್ಜಿ ಗೋಡೆಯ ಮೇಲೆ ಬಂದಳು. ಬಲೆ ಹೆಣೆಯುತ್ತಿದ್ದ ಅಜ್ಜಿ. ಗಾಯನವೃಂದದ ಮೊದಲ ಸಾಲಿನಲ್ಲಿ ಬಾಯಿ ತೆರೆದು ನಿಂತ ಅಜ್ಜಿ. ಚಿಕ್ಕಜ್ಜಿ ಎದ್ದು ಹೋಗಿ ಗೋಡೆಗೆ ಅಂಗೈ ಇಟ್ಟರು. ಅವರ ಕೈಯ ಮೇಲೆ ಅಕ್ಕನ ಕೆನ್ನೆ ಬಿತ್ತು. ಯಾರೋ ಮೆಲ್ಲಗೆ ಕೀರ್ತನೆ ಎತ್ತಿಕೊಂಡರು. ಎಲ್ಲರೂ ದನಿಗೂಡಿಸಿದರು.

ಊಟವಾದ ಮೇಲೆ ನಲ್ಲಿಯ ಬಳಿ ಅಮ್ಮ, ಅತ್ತೆ, ಸೆರುವಾಯಾ ತಟ್ಟೆ ತೊಳೆಯುತ್ತಿದ್ದರು.

"ಮೆಸಾಕೆ ಬರಲ್ಲ ಅಂತಲೇ ಹಟ ಮಾಡ್ದ, ಅತ್ತಿಗೆ," ಎಂದಳು ಅತ್ತೆ. "ಅಜ್ಜಿ ಇಲ್ದಿರೋ ಮನೇಲಿ ಇನ್ನು ನಂದೇನಿದೆ ಅಂದ."

"ಮಣ್ಣಿನ ದಿನ ಒಂದು ತೆಂಗಿನಕಾಯಿನೂ ಒಯ್ಯದೆ ಹೋದ್ನಲ್ಲ," ಎಂದಳು ಅಮ್ಮ. "ಹುಡುಗ ನಮ್ಮನ್ನ ಬಿಟ್ಟೇಬಿಟ್ಟ ಅಂದ್ಕೊಂಡಿದ್ದೆ. ನಿನ್ನೆ ಆ ಚಾರ್ಜರ್ ಎತ್ತಿ ಜೇಬಿಗೆ ಹಾಕಿದಾಗ ನಂಗೆ ಹೋದ ಜೀವ ಬಂದ ಹಾಗಾಯ್ತು."

ಸೆರುವಾಯಾ ತೊಳೆದ ತಟ್ಟೆಯನ್ನೇ ಇನ್ನೊಮ್ಮೆ ತೊಳೆದಳು.

ಬೆಳಿಗ್ಗೆ ದೋಣಿ ಹೊರಡುವ ಹೊತ್ತು. ಹೊಸ ಚಾರ್ಜರ್ ತರಲು ಅಪ್ಪನೂ ಅದರಲ್ಲೇ ಸವುಸವು ಪೇಟೆಗೆ ಹೊರಟಿದ್ದ. ಅರವತ್ತೈದು, ಇಲ್ಲವೇ ಅದಕ್ಕಿಂತ ಹೆಚ್ಚು, ಕಡಿಮೆ ಮಾತ್ರ ಬೇಡ ಎಂದು ಸೆರುವಾಯಾ ಅವನಿಂದ ಎರಡು ಸಲ ಹೇಳಿಸಿದಳು. ಮೆಸಾಕೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಅವನು ಅವಳ ಕಡೆ ನೋಡುತ್ತಿರಲಿಲ್ಲ.

ಅವಳು ಮೊಣಕಾಲುದ್ದ ನೀರಿಗಿಳಿದಳು.

"ಏ ಮೆಸಾಕೆ, ನಮ್ಮ ಹಿತ್ತಲಲ್ಲಿ ಕೆಂಪು ಹುಂಜ ಇದೆ. ಹಿಡಿಯೋಕೆ ಬರಲ್ಲ ಅಂತ ಬಿಟ್ಟುಹೋಗ್ತಿದೀಯಾ?"

ಮೆಸಾಕೆ ಅವಳನ್ನು ನೋಡಿದ.

"ಕ್ರಿಸ್‌ಮಸ್‌ಗೆ ಬಂದು ಒಯ್ತೀನಿ," ಎಂದ. "ಅಷ್ಟರಲ್ಲಿ ಕೊಬ್ಬಿಸಿಡು. ನಿನ್ನ ಹಾಗೆ ಒಣಗಿಸಿಡ್ಬೇಡ."

ದೋಣಿ ಬಂಡೆಯ ಮರೆಗೆ ಸರಿಯಿತು. ಸೆರುವಾಯಾ ಮನೆಗೆ ಬಂದು ಕೋಳಿಗಳಿಗೆ ತೆಂಗಿನ ತುರಿ ಎರಚಿದಳು. ಕೆಂಪು ಹುಂಜವನ್ನು ಬದಿಗೆ ಕರೆದು, ಅದಕ್ಕೆ ಒಂದು ಹಿಡಿ ಹೆಚ್ಚಾಗಿ ಹಾಕಿದಳು.