ನಲವತ್ತೆಂಟು ವೋಲ್ಟಿನ ಅಪವಾದ

ಗೀತಾಬಾಯಿ ಮೊದಲ ಸಾಲು ಎತ್ತುವಷ್ಟರಲ್ಲಿ ಮೈಕು ಸತ್ತಿತು. ಸುಟ್ಟ ವಾಸನೆ!

ಅವರ ಹಾಡು ರೆಕಾರ್ಡ್ ಮಾಡಲೆಂದೇ ಮುಂಡಗೋಡದ ಲಂಬಾಣಿ ತಾಂಡಾದಿಂದ ಬಂಗೂರನಗರದ ಸಮುದಾಯ ಭವನದ ಹಾಲಿಗೆ ಕರೆಸಿದ್ದೆ. ಮೈಕು ನನ್ನದು, ಹೊಸದು. ಅದು ನಡೆಯಲು ಕೇಬಲ್ಲಿನಲ್ಲೇ ಹರಿದು ಬರಬೇಕಾದ ನಲವತ್ತೆಂಟು ವೋಲ್ಟಿನ ಕರೆಂಟು, ಅಂದರೆ ಫ್ಯಾಂಟಮ್ ಪವರ್, ನನ್ನ ಹಳೇ ಮಿಕ್ಸರಿನಲ್ಲಿ ಇರಲಿಲ್ಲ. ಮಿಕ್ಸರ್ ಬಿಚ್ಚಿ ಅದನ್ನು ಕೂಡಿಸಿಕೊಟ್ಟವನು ಮೆಕ್ಯಾನಿಕ್ ಸುಭಾನಿ.

ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದಂತೆ ಬೈದೆ. ಸಾಲದ್ದಕ್ಕೆ ಸುತ್ತಲಿನ ಕಾರ್ಯಕ್ರಮದವರೆಲ್ಲ ಇರುವ ವಾಟ್ಸಾಪ್ ಗುಂಪಿಗೂ ಹಾಕಿದೆ— ಸುಭಾನಿಯ ಕೈಗೆ ಯಾರೂ ಕೆಲಸ ಕೊಡಬೇಡಿ. ಅರ್ಧ ಗಂಟೆಯಲ್ಲಿ ಜೊಯಿಡಾದಿಂದ ಅವನಿಗೆ ಫೋನು. ಮದುವೆಯ ಸೌಂಡ್ ಆರ್ಡರ್ ರದ್ದು.

“ನಿನ್ನೆ ಇಲ್ಲೇ ಮೈಕ್ ಹಚ್ಚಿ ತೋರಿಸಿಲ್ಲೇನ್ರಿ?” ಸುಭಾನಿ ಕೂಗಾಡಿದ.

ಗೀತಾಬಾಯಿಯ ಜೊತೆ ಬಂದಿದ್ದ ಗೆಳತಿ ಮಾಲವ್ವ ಎದ್ದರು. ನಿವೃತ್ತ ಹೆಡ್ ಕಾನ್‌ಸ್ಟೇಬಲ್.

“ಆಮ್ಯಾಲ ಹಾಲಿನ ಕೀಲಿ ಯಾರ ಹತ್ರ ಇತ್ತು?”

“ನನ್ನ ಹತ್ರ,” ಎಂದ ವಿಠ್ಠಲ. ಈ ಹಾಲಿಗೆ ಸೌಂಡ್ ಸೆಟ್ ಬಾಡಿಗೆಗೆ ಕೊಡುವವ. “ಆದ್ರ ನಾ ಮುಟ್ಟಿಲ್ರಿ. ಮಿಕ್ಸರಿನ ಸ್ಕ್ರೂ ಮ್ಯಾಲಿನ ಸೀಲ್ ನೋಡ್ರಿ, ಹಂಗ ಐತಿ!”

ನಿಜ. ಪ್ರತಿ ಸ್ಕ್ರೂ ಮೇಲೆ ಗುಲಾಬಿ ನೇಲ್ ಪಾಲಿಶಿನ ಬೊಟ್ಟು. ಬಿಚ್ಚಿದರೆ ಗೊತ್ತಾಗಲೆಂದು ಮೆಕ್ಯಾನಿಕ್‌ಗಳು ಹೀಗೆ ಹಚ್ಚುತ್ತಾರೆ.

“ಸುಭಾನಿ, ನೀ ಏನ ಹಚ್ತಿ?” ಮಾಲವ್ವ ಕೇಳಿದರು.

“ಹಳದಿ ಗಾಡಿ ಪೇಂಟ್.”

“ನೇಲ್ ಪಾಲಿಶ್ ಯಾಕಲ್ಲ?”

“ನಮ್ಮ ಮನ್ಯಾಗ ತರೂದ ಇಲ್ರಿ. ಅದಿದ್ರ ಉಗುರಿಗೆ ನೀರ ತಾಗಂಗಿಲ್ಲ, ನಮಾಜಿಗೆ ಮುಂಚೆ ಕೈಕಾಲು ತೊಳಿಯೋ ವಜೂ ಆಗೂದಿಲ್ಲ.”

ಮಾಲವ್ವ ಒಂದು ಬೊಟ್ಟನ್ನು ಪಿನ್ನಿನಿಂದ ಕೆರೆದರು. ಗುಲಾಬಿಯ ಕೆಳಗೆ ಒಡೆದ ಹಳದಿ!

ಸುಭಾನಿ ಮಿಕ್ಸರ್ ಬಿಚ್ಚಿದ. ಕರೆಂಟು ತಡೆಯುವ ಎರಡೂ ರೆಸಿಸ್ಟರುಗಳ ಮೇಲೆ ಯಾರೋ ತಂತಿ ಬೆಸೆದಿದ್ದರು. ತಡೆಯೇ ಇಲ್ಲದೆ ಕರೆಂಟು ನುಗ್ಗಿ ಮೈಕು ಸುಟ್ಟಿತ್ತು.

“ಎಲ್ಲಾರ ಮನ್ಯಾಗೂ ನೇಲ್ ಪಾಲಿಶ್ ಇರತೈತಿ ಅಂದ್ಕೊಂಡಿ, ವಿಠ್ಠಲ,” ಮಾಲವ್ವ ಅವನದೇ ಆಂಪ್ಲಿಫೈಯರ್ ತಿರುಗಿಸಿದರು. ಅದರ ಸ್ಕ್ರೂಗಳ ಮೇಲೂ ಅದೇ ಗುಲಾಬಿ. “ಹಳೇ ಮಿಕ್ಸರ್ ಹಿಂಗ ರಿಪೇರಿ ಆದ್ರ ನಿನ್ನ ಸೆಟ್ ಯಾರೂ ಒಯ್ಯಂಗಿಲ್ಲಂತ ಹೊಟ್ಟಿ ಉರೀತು. ಹೌದಿಲ್ಲೋ?”

ವಿಠ್ಠಲ ತಲೆ ತಗ್ಗಿಸಿದ. “ತಪ್ಪಾತು, ಸುಭಾನಿಭಾಯ್.”

ಸುಭಾನಿ ಅವನ ಕಡೆ ನೋಡಲೂ ಇಲ್ಲ. ನನ್ನ ಕಡೆ ತಿರುಗಿದ. ಕಣ್ಣು ಕೆಂಪಾಗಿದ್ದವು.

“ಅವ ಮೈಕ್ ಸುಟ್ಟ. ನನ್ನ ಹೆಸರು ಸುಟ್ಟಾವ್ರು ನೀವು, ರುದ್ರೇಶ್ ಸರ್.”

ನಾಚಿಕೆಯಾಯಿತು. ಗುಂಪಿನಲ್ಲಿ ನನ್ನ ತಪ್ಪು ಬರೆದೆ. ಜೊಯಿಡಾಕ್ಕೆ ಫೋನ್ ಮಾಡಿ ಎಲ್ಲ ಹೇಳಿದೆ.

“ಆರ್ಡರ್ ಬ್ಯಾರೇದವ್ರಿಗೆ ಕೊಟ್ಟಬಿಟ್ಟೇವ್ರಿ,” ಎಂದರು ಅತ್ತಲಿಂದ.