ತಮ್ಮನ ರಿಜಿಸ್ಟರು

ಮೇಷ್ಟ್ರ ಕೆಲಸಕ್ಕೆ ಆಯ್ಕೆಯಾದವರ ಪಟ್ಟಿಯಲ್ಲಿ ಕೊನೆಯ ಹೆಸರು ತಮ್ಮ ಜಯದೇವಪ್ಪನದು. ಕಾಯುವವರ ಪಟ್ಟಿಯಲ್ಲಿ ಮೊದಲ ಹೆಸರು ಅಣ್ಣ ಬೆನಕಪ್ಪನದು. ಹತ್ತು ವರ್ಷ ಅರ್ಜಿ ಹಾಕಿ ಹಾಕಿ ಸೋತವನು ಅಣ್ಣ. ನಿನ್ನೆ ಮೊನ್ನೆ ಟಿ.ಸಿ.ಎಚ್. ತರಬೇತಿ ಮುಗಿಸಿದವನು ತಮ್ಮ. ಬರುವ ಮಾರ್ಚಿಗೆ ಬೆನಕಪ್ಪನ ವಯಸ್ಸು ಮೀರುತ್ತಿತ್ತು, ಆಮೇಲೆ ಅರ್ಜಿ ಹಾಕುವ ಹಾಗೂ ಇರಲಿಲ್ಲ. ಹೊಟ್ಟೆ ಉರಿಯದೆ ಇನ್ನೇನಾದೀತು?

೧೯೭೮ರ ನವೆಂಬರ್ ಹದಿನಾಲ್ಕು. ನ್ಯಾಮತಿಯಾಚೆಯ ತನ್ನೂರಿನ ಮನೆ ಜಗಲಿಯಲ್ಲಿ ಬೆನಕಪ್ಪನೊಬ್ಬನೇ ಕೂತಿದ್ದಾಗ ಪೋಸ್ಟ್‌ಮ್ಯಾನ್ ಚಿಕ್ಕಹನುಮಂತಪ್ಪ ಸೈಕಲ್ ಇಳಿದ.

"ನಿಮ್ ತಮ್ಮಂಗೆ ಜಿಲ್ಲಾ ಕಚೇರಿಯಿಂದ ರಿಜಿಸ್ಟರ್ ಬಂದೈತೆ ರೀ, ಕೆಲ್ಸದ ಆರ್ಡರೇ ಇರ್ಬೇಕು."

"ಅವ್ನು ಜಗಳೂರಿಗೆ ಹೋಗ್ಯಾನೆ, ಅನ್ನಪೂರ್ಣತ್ತೆ ನೋಡಾಕೆ."

"ಹಂಗಾರೆ ಅಂಚೆಮನೆಯಾಗೇ ಇರ್ಲಿ ಬಿಡ್ರಿ. ಏಳು ದಿನ ಇಟ್ಕಂತೀವಿ."

ಅಂಚೆಮನೆಯಲ್ಲಿ ಬಿಟ್ಟರೆ ನಾಳೆ ತಮ್ಮನೇ ಹೋಗಿ ಬಿಡಿಸಿಕೊಳ್ಳುತ್ತಾನೆ. ಹೇಗೋ ತಡೆದರೂ ಕಾಗದ ವಾಪಸು ಹೋಗುತ್ತದೆ. ಕೈಸೇರಲಿಲ್ಲವೆಂದು ತಿಳಿದರೆ ಕಚೇರಿಯವರು ಇನ್ನೊಂದು ಕಳಿಸುತ್ತಾರೆ. ಮನೆಗೆ ತೆಗೆದುಕೊಂಡರೆ ಕತೆಯೇ ಬೇರೆ. ಆದೇಶ ಸಿಕ್ಕಿತು, ಹದಿನೈದು ದಿನವಾದರೂ ಹುಡುಗ ಹಾಜರಾಗಲಿಲ್ಲ ಎಂದಾಗುತ್ತದೆ. ಆಗ ಮುಂದಿನ ಹೆಸರು ಯಾರದು? ಬೆನಕಪ್ಪನಿಗೆ ತನ್ನ ಬುದ್ಧಿಯ ಮೇಲೆ ತನಗೇ ಮೆಚ್ಚುಗೆಯಾಯಿತು.

"ನಾನೇ ಸೈನ್ ಹಾಕಿ ಇಸ್ಕಂತೀನಿ, ಕೊಡ್ರಿ."

"ಅವ್ರ ಹೆಸ್ರಲ್ಲೇ ಹಾಕ್ಬಿಡ್ರಿ. ಇಲ್ಲಾಂದ್ರೆ ಮ್ಯಾಲಿನೋರು ನನ್ನ ಕೇಳ್ತಾರೆ."

ಊರಲ್ಲಿ ಅದೇ ರೂಢಿ: ಯಾರ ಹೆಸರಿಗೆ ಬಂದರೂ ಮನೆಯಲ್ಲಿದ್ದವರು ಆ ಹೆಸರಿನಲ್ಲಿ ಗೀಚಿ ತೆಗೆದುಕೊಳ್ಳುವುದು. ಪೋಸ್ಟ್‌ಮ್ಯಾನ್ ಬಾಯಿ ಬಿಡುವ ಭಯವಿಲ್ಲ, ತಪ್ಪು ಅವನದೂ ಇದೆ. ಬೆನಕಪ್ಪ ತಮ್ಮನ ಸಹಿಯನ್ನು ಬಾಲವೂ ಬಿಡದೆ ಹಾಕಿದ. ಕಾಗದ ಬಚ್ಚಲೊಲೆಗೆ ಹೋಯಿತು. ಉರಿಯುವಾಗ ಎದೆ ಚುರುಕ್ಕೆಂದದ್ದು ನಿಜ, ಆದರೆ ಅದನ್ನು ಹೊರಗೆಳೆಯಲು ಕೈ ಒಲೆಯೊಳಗೆ ಹೋಗಲಿಲ್ಲ.

ಮರುದಿನ ತಮ್ಮ ಬಂದ. ಕಾಗದದ ವಿಚಾರ ಒಂದು ದಿನವೂ ಎತ್ತಲಿಲ್ಲ. ಆದೇಶ ಬಾರದ ನಿರಾಸೆ ನುಂಗುತ್ತಿದ್ದಾನೆ ಎಂದುಕೊಂಡ ಬೆನಕಪ್ಪ ಅವನ ಮುಖ ನೋಡುವುದನ್ನೇ ಬಿಟ್ಟ.

ಡಿಸೆಂಬರಿನಲ್ಲಿ ಜಿಲ್ಲಾ ಕಚೇರಿಯಿಂದ ಬೆನಕಪ್ಪನಿಗೆ ಕರೆ ಬಂತು. ಒಗೆದ ಅಂಗಿ ಹಾಕಿಕೊಂಡು ಮೊದಲ ಬಸ್ಸಿಗೇ ಹೋದ. ಗುಮಾಸ್ತ ಕೂರಲು ಹೇಳಲಿಲ್ಲ. ಅಂಚೆಯಿಂದ ಮರಳಿದ ಸ್ವೀಕೃತಿ ಕಾರ್ಡನ್ನು ಮೇಜಿನ ಮೇಲಿಟ್ಟ. ಹದಿನಾಲ್ಕನೇ ತಾರೀಕಿನ ಮುದ್ರೆ, ಕೆಳಗೆ ಜಯದೇವಪ್ಪನ ಸಹಿ. "ಆವತ್ತು ಬೆಳಗ್ಗೆಯಿಂದ ಸಂಜೆತನ ನಿಮ್ ತಮ್ಮ ಇದೇ ಬೆಂಚಿನ ಮ್ಯಾಲೆ ಕುಂತಿದ್ರು. ಊರಾಗೆ ಸೈನ್ ಹಾಕ್ದೋರು ಯಾರ್ರೀ?" ಎಂದು ಕೇಳಿ, ತಮ್ಮ ಆ ದಿನ ಬರೆದುಕೊಟ್ಟ ಅರ್ಜಿಯನ್ನು ಮುಂದಕ್ಕೆ ತಳ್ಳಿದ. ಬೆನಕಪ್ಪ ಓದಿದ: 'ನನಗೆ ಈ ಕೆಲಸ ಬೇಡ. ನನ್ನ ಜಾಗವನ್ನು ಮುಂದಿನ ಹೆಸರಿನವರಾದ ನನ್ನ ಅಣ್ಣನವರಿಗೆ ಕೊಡಬೇಕು. ಅವರಿಗೆ ಇದು ತಿಳಿಯಬಾರದು. ತಿಳಿದರೆ ಅವರು ಒಪ್ಪುವವರಲ್ಲ.'