ಸಂತಪುರದ ತಿರುವಿನಲ್ಲಿ

ಬೀದರ್‌ನ ಆ ವೀಲ್ ಅಲೈನ್‌ಮೆಂಟ್ ಅಂಗಡಿ ಆಮ್ರಪಾಲಿಯದು. ಭಾಲ್ಕಿಯ ಅಜಿಂಕ್ಯ ಮೊದಲ ಸಲ ಕಾರು ತಂದಾಗ, "ಮೆಕ್ಯಾನಿಕ್ ಎಲ್ಲಿ ಹೋಗ್ಯಾರ್ರೀ?" ಎಂದು ಅವಳನ್ನೇ ಕೇಳಿದ್ದ.

"ನಿಮ್ಮ ಮುಂದ ನಿಂತಾಳ ನೋಡ್ರಿ," ಎಂದು ಅವಳು ಕೈಯ ಗ್ರೀಸ್ ಒರೆಸಿಕೊಂಡು ನಕ್ಕಿದ್ದಳು.

ಕಾರಿನ ಎತ್ತರ ತಗ್ಗಿಸಬೇಕೆಂಬುದು ಅವನ ಆಸೆ. ಅದಕ್ಕೆ ಹೊಂದುವ ಗಿಡ್ಡ ಸ್ಪ್ರಿಂಗ್‌ಗಳನ್ನು ಅವಳೇ ಹುಡುಕಿ ಹಾಕಿಕೊಟ್ಟಳು. ಕಾರು ತಿರುವಿನಲ್ಲಿ ವಾಲದೆ, ನೆಲ ಹಿಡಿದು ಓಡಿತು. ಅದನ್ನು ಹೇಳುವ ನೆಪದಲ್ಲಿ ಅವನು ಮತ್ತೆ ಮತ್ತೆ ಬಂದ. ನೆಪ ಮುಗಿದ ಮೇಲೂ ಬಂದ.

"ಹಿಂದ ಇನ್ನೊಂಚೂರು ಇಳಿಸಿದ್ರ ಫೋಟೋದಾಗ ಮಸ್ತ್ ಕಾಣ್ತದ."

"ಅದಕ್ಕಂತ ಸ್ಪ್ರಿಂಗ್ ಕೊಯ್ದ್ರ ಅದು ಪೆಡಸ ಆಗ್ತದ. ತಿರುವಿನ್ಯಾಗ ಹಿಂದಿನ ಸಸ್ಪೆನ್ಷನ್ ತಳಕ್ಕ ಬಡೀತದ, ಟೈರ್ ಹಿಡಿತ ಬಿಡ್ತದ, ಗಾಡಿ ಗರ್ರನೆ ತಿರುಗ್ತದ. ಮಾಡಬ್ಯಾಡ."

ಅವನು ಅವಳ ಕೆನ್ನೆಯ ಮೇಲಿನ ಗ್ರೀಸ್ ಕಲೆಯನ್ನೇ ನೋಡುತ್ತಿದ್ದ. "ನಿನ್ನ ಕಸಂ, ಮುಟ್ಟಂಗಿಲ್ಲ."

ಒಂದು ಭಾನುವಾರ ಔರಾದ್‌ನಲ್ಲಿ ಅವನ ಅಕ್ಕ ಕುಮುದಿನಿಯ ಮನೆಯಲ್ಲಿ ಊಟ. ಅಕ್ಕ ಇಬ್ಬರ ಮದುವೆಗೆ ಒಪ್ಪಿ ಕಳಿಸಿದಳು. ವಾಪಸು ಬರುವಾಗ ಆಮ್ರಪಾಲಿಯೇ ಕಾರು ಓಡಿಸುತ್ತಿದ್ದಳು.

ಸಂತಪುರದ ಬಳಿಯ ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಅವಳು ಆಕ್ಸಿಲರೇಟರ್‌ನಿಂದ ಕಾಲು ತೆಗೆದದ್ದೇ ತಡ, ಹಿಂದೆ ಧಡ್ ಎಂದಿತು, ಕಾರಿನ ಹಿಂಭಾಗ ಹೊರಕ್ಕೆ ಬೀಸಿತು. ಬ್ರೇಕ್ ಮುಟ್ಟದೆ, ಹಿಂಭಾಗ ಜಾರಿದ ಕಡೆಗೇ ಸ್ಟಿಯರಿಂಗ್ ತಿರುಗಿಸಿದಳು. ಎಮ್ಮೆ ಉಳಿಯಿತು. ಕಾರು ತೊಗರಿ ಹೊಲಕ್ಕೆ ನುಗ್ಗಿ ನಿಂತಿತು.

ಜನ ಸೇರಿದರು. ಅಜಿಂಕ್ಯ ಇಳಿದು ಅವರತ್ತ ತಿರುಗಿದ.

"ಹೆಂಗಸಿನ ಕೈಯಾಗ ಗಾಡಿ ಕೊಟ್ಟಿದ್ದು ನಂದೇ ತಪ್ಪ್ರಿ. ಗಾಬರಿಯಾಗಿ ಬ್ರೇಕ್ ಹೊಡದ್ಲು."

ಆಮ್ರಪಾಲಿ ಹಿಂದಿನ ಚಕ್ರದ ಬಳಿ ಬಗ್ಗಿದಳು. ತಾನು ಹಾಕಿದ ಸ್ಪ್ರಿಂಗ್‌ನ ತುದಿಯನ್ನು ಯಾರೋ ಕಟರ್‌ನಿಂದ ಕೊಯ್ದಿದ್ದರು.

"ಯಾವಾಗ ಕೊಯ್ಸಿದಿ?"

"ಆಮ್ಯಾಲ ಮಾತಾಡಮು," ಎಂದ ಮೆಲ್ಲಗೆ. ಸದಾ ಅವಳನ್ನೇ ಅರಸುತ್ತಿದ್ದ ಕಣ್ಣು ಈಗ ತೊಗರಿ ಗಿಡಗಳ ಮೇಲಿತ್ತು.

"ಈಗ ಇವರ ಮುಂದ ಹೇಳು. ನಂಗ ಅಷ್ಟೇ ಸಾಕು."

ಅವನು ಜನರತ್ತ ನೋಡಿ ನಕ್ಕ. "ಆಕೀಗಿ ಹೆದರಿಕಿ ಆಗ್ಯದ್ರಿ."

ಬೀದರ್ ಬಸ್ಸು ಬಂತು. ಅವಳು ಕೈ ಮಾಡಿ ಹತ್ತಿದಳು. ಅವನು ಕಿಟಕಿಗೆ ಓಡಿಬಂದ.

"ಕೊಯ್ಸಿದ್ದು ನಾನೇ, ಆಮ್ರಪಾಲಿ. ಮಂದಿ ಮುಂದ ನಾಚಿಕಿ ಆಯ್ತು. ನಿನ್ನ ಬಿಟ್ಟು ಹ್ಯಾಂಗ ಇರ್ಲಿ?"

ಅವನ ಹಣೆಯ ಬೆವರನ್ನು ಒರೆಸಬೇಕೆನಿಸಿತು ಅವಳಿಗೆ. ಕೈಯನ್ನು ಮಡಿಲಲ್ಲೇ ಬಿಗಿ ಹಿಡಿದಳು.

"ನಂಗ ಗೊತ್ತಿದ್ದದ್ದೇ ನಂಗ ಹೇಳ್ಲಿಕತ್ತಿ. ಅವರಿಗಿ ಹೇಳಬೇಕಿತ್ತು."

ಬಸ್ಸು ಹೊರಟಿತು. ಕಂಡಕ್ಟರ್ ಬಂದು, "ಎಷ್ಟು ಮಂದಿರೀ?" ಎಂದ.

ಅವಳು ಕಿಟಕಿಯಿಂದ ಮುಖ ತಿರುಗಿಸಿದಳು. ಒಂದು ಬೆರಳೆತ್ತಿ ತೋರಿಸಿದಳು.